ಮೊದಲು ನಕ್ಕವರು ತಟ್ಟೆ ತೊಳೆಯಬೇಕು

ನನ್ನ ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಮೊದಲು ಹೇಳಿದವರು, ಆ ಮಾತು ಹೇಳುವಾಗ ನಮ್ಮ ಮನೆಯ ಬಿಸಿಬೇಳೆಬಾತನ್ನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಸೌಟನ್ನು ಓರೆ ಮಾಡಿ ಗೋಡಂಬಿಗಳನ್ನಷ್ಟೇ ತಮ್ಮ ತಟ್ಟೆಯ ಕಡೆಗೆ ಎಳೆದುಕೊಳ್ಳುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವರ ಹೆಸರು ಪ್ರಸನ್ನ, ನನ್ನ ಗಂಡ ಮೋಹನ್ ಅವರ ಸ್ನೇಹಿತರು. ಅಮೆರಿಕದಲ್ಲಿ ನಾವಿರುವ ಊರಿನ ಟೊರ್ರಿ ಪೈನ್ಸ್ ಗುಡ್ಡದ ಮೇಲಿನ ಒಂದು ಲ್ಯಾಬಿನಲ್ಲಿ ಇಲಿಗಳ ಮೆದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ನಮ್ಮ ಬಳಗದಲ್ಲಿ ಎಲ್ಲರೂ ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಪಿಎಚ್‌ಡಿ ಮಾಡಿದ ಡಾಕ್ಟರೇ, ಇಲ್ಲ ಅನ್ನುವುದಿಲ್ಲ. ಆದರೆ ಅವರು ನಾಡಿ ಹಿಡಿದು ನೋಡಿದ ಮನುಷ್ಯ ಒಬ್ಬನೂ ಇರಲಿಲ್ಲ. ಅಪ್ಪ ಆಗ ಪಕ್ಕದ ಅಡುಗೆಮನೆಯಲ್ಲಿ ನೀರು ಕುಡಿಯುತ್ತ ನಿಂತಿದ್ದರು. ಒಳಗಿರುವವರಿಗೆ ಕೇಳಿಸುತ್ತದೆಂದು ದನಿ ತಗ್ಗಿಸುವಷ್ಟು ಸಂಕೋಚವೂ ಆ ಮನುಷ್ಯನಿಗೆ ಆಗಲಿಲ್ಲ. ನಾನೋ, ಕಾನ್ವೆಂಟಿನಲ್ಲಿ ಓದಿದವಳು, ದೊಡ್ಡವರ ಮಾತಿಗೆ ಎದುರಾಡದೆ ಬೆಳೆದವಳು. ಹಪ್ಪಳದ ಬುಟ್ಟಿಯನ್ನು ಅವರ ಮುಂದಕ್ಕೆ ಸರಿಸಿದೆ. ಆ ಹಪ್ಪಳದ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ಯಾಕಿಷ್ಟು ಸಿಟ್ಟು ಎಂದು ಹೇಳಬೇಕಾದರೆ ನಾನು ಬೆಳೆದ ಮನೆಯ ಊಟದ ಹೊತ್ತಿಗೆ ಹೋಗಬೇಕು. ಕೋಲಾರದ ಚಿನ್ನದ ಗಣಿಯ ಕ್ವಾರ್ಟರ್ಸ್ ಅದು. ಅಪ್ಪ ಗಣಿಯ ಒಳಗೆ ಕೆಲಸಗಾರರ ಮೇಲ್ವಿಚಾರಕರು. ಶಾಫ್ಟು ಎಂಬ ಆಳದ ಬಾವಿಗೆ ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ಇಳಿದು ಹೋಗುತ್ತಿದ್ದರು. ನಡುಮನೆಯಲ್ಲೇ ಊಟ, ಅಲ್ಲೇ ಓದು, ಅಲ್ಲೇ ಹಾಸಿಗೆ. ಗೋಡೆಗೆ ಹೊಡೆದ ಮರದ ಹಲಗೆಯ ಮೇಲೆ ಅಮ್ಮ ಸ್ಟೀಲ್ ಲೋಟಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ಜೋಡಿಸಿರುತ್ತಿದ್ದಳು. ದೂರ ಇಡಬಾರದೇ ಎಂದು ಅತ್ತೆಯೊಬ್ಬರು ಕೇಳಿದ್ದಕ್ಕೆ, ತಾಗಿಕೊಂಡೇ ಇರಲಿ ಎಂದಿದ್ದಳು. ಕಾರಣ ನನಗೆ ತಡವಾಗಿ ತಿಳಿಯಿತು. ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳು ಅಲುಗುತ್ತಿದ್ದವು. ನಮಗೆ ಗೊತ್ತಾಗುವ ಮೊದಲೇ ಆ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಎರಡೂ ಕೈಗಳಿಂದ ಲೋಟಗಳನ್ನು ಹಿಡಿದು ನಿಲ್ಲುತ್ತಿದ್ದಳು. ಲೋಟ ಬೀಳಬಾರದೆಂದೋ, ಸದ್ದು ನಿಲ್ಲಲೆಂದೋ, ನಾನು ಕೇಳಲಿಲ್ಲ. ಆಮೇಲೆ ಅಪ್ಪ ಬರುವವರೆಗೂ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಅಪ್ಪ ಬರುತ್ತಿದ್ದರು. ಸ್ನಾನ ಮಾಡಿ, ಬಿಳಿ ಬನಿಯನ್ ಹಾಕಿ, ಕಿವಿಯ ಹಿಂದೆ ಮಾತ್ರ ಇನ್ನೂ ಬೂದು ಧೂಳು ಉಳಿಸಿಕೊಂಡು ತಟ್ಟೆಯ ಮುಂದೆ ಕೂರುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಶೇಖರ ಕೇಳುತ್ತಿದ್ದ:

"ಇವತ್ತು ಕೆಳಗೆ ಏನಾಯ್ತಪ್ಪ?"

"ಏನಿಲ್ಲ ಕಣೋ. ಬೆಳಿಗ್ಗೆ ಮುನಿಯಪ್ಪನ ಹೆಂಡತಿ ಅವನಿಗೆ ಅಂತ ಒಂದು ಹಸಿ ಕೋಳಿಮೊಟ್ಟೆ ಕೇಜಿನಲ್ಲಿ ಇಟ್ಟು ಕೆಳಗೆ ಕಳಿಸಿದಳು. ಶಾಫ್ಟು ಎಷ್ಟು ಆಳ ಅಂದ್ರೆ, ಕೇಜು ತಳ ಮುಟ್ಟೋ ಹೊತ್ತಿಗೆ ಮೊಟ್ಟೆ ಒಡೆದು ಮರಿ ಬಂದಿತ್ತು. ಸರಿ, ತಾಯಿ ಇಲ್ಲದ ಮರಿ ಅಂತ ವಾಪಸ್ ಮೇಲಕ್ಕೆ ಕಳಿಸಿದೆವು. ಮೇಲೆ ಬಂದಾಗ ಆ ಮರಿನೇ ಮೊಟ್ಟೆ ಇಡ್ತಾ ಇತ್ತು. ಸಾರು ಸ್ವಲ್ಪ ಹಾಕೇ."

ಹೀಗೆ ಹೇಳುವಾಗ ಅವರ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆ ಅನ್ನುವ ದನಿ. ನಮ್ಮ ಮನೆಯ ನಿಯಮ ಇಷ್ಟು: ಕಥೆ ಹೇಳುವವರು ನಗಬಾರದು, ಕೇಳುವವರು ನಗಬಾರದು, ಸುಳ್ಳು ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಕೇಳಿದವರು ಗಂಭೀರವಾಗಿ ಒಂದು ಉಪಯೋಗದ ಪ್ರಶ್ನೆ ಕೇಳಬೇಕು. ಮೊದಲು ನಕ್ಕವರು ಎಲ್ಲರ ತಟ್ಟೆ ತೊಳೆಯಬೇಕು. ಶೇಖರ ಕಲ್ಲಿನಂತೆ ಕೂತು, "ಕೋಳಿಗೆ ಕೇಜಿನಲ್ಲಿ ಕಾಳು ಹಾಕಿದ್ದು ಯಾರಪ್ಪ?" ಎಂದು ಕೇಳುತ್ತಿದ್ದ. ಅಮ್ಮ ಕೂಡ, "ಆ ಮೊಟ್ಟೆ ಮುನಿಯಪ್ಪನದೋ ಕಂಪನಿಯದೋ?" ಅನ್ನುತ್ತಿದ್ದಳು. ನನಗೆ ಮಾತ್ರ ಮೊದಲು ಮೂಗಿನ ಹೊಳ್ಳೆ ಅದುರುತ್ತಿತ್ತು, ಆಮೇಲೆ ಬಾಯಲ್ಲಿದ್ದ ಅನ್ನ ಹೊರಗೆ. ಹಿತ್ತಲಿನ ಕಲ್ಲಿನ ಮೇಲೆ ಬೂದಿ ಹಾಕಿ ತಟ್ಟೆ ಉಜ್ಜಿದ್ದು ಬಹುಮಟ್ಟಿಗೆ ನಾನೇ.

"ನಿನ್ನ ಮುಖ ಕನ್ನಡಿ ಇದ್ದಂಗೆ ಪುಟ್ಟಿ. ಒಳಗಿರೋದೆಲ್ಲ ಕಾಣುತ್ತೆ. ನಿನ್ನ ಕೈಲಿ ಆಗಲ್ಲ ಬಿಡು," ಎಂದು ಅಪ್ಪ ಹೇಳುತ್ತಿದ್ದರು.

ಈ ಆಟವನ್ನು ಅಪ್ಪ ಕಲಿತದ್ದು ಒಬ್ಬ ಆಸ್ಟ್ರೇಲಿಯಾದವನಿಂದ. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಣಿಯಲ್ಲಿ ಅವನೊಬ್ಬ ಫೋರ್‌ಮನ್ ಇದ್ದನಂತೆ. ಎಲ್ಲರೂ ಟೆಡ್ ದೊರೆ ಅನ್ನುತ್ತಿದ್ದರು. ದೊರೆತನ ಏನೂ ಇರಲಿಲ್ಲವಂತೆ, ನಮ್ಮವರ ಜೊತೆ ಕೂತು ಮುದ್ದೆ ತಿನ್ನುತ್ತಿದ್ದ. ಅವನ ಊರಿನ ಕಡೆ ಇಂಥ ಕಥೆ ಹೇಳುವುದು ದೊಡ್ಡ ವಿದ್ಯೆಯಂತೆ. ಊರಿಗೆ ಹೊರಟಾಗ ಅವನು ಅಪ್ಪನಿಗೆ ಅಲ್ಲಿನ ನಗೆಕಥೆಗಳ ಪುಸ್ತಕವೊಂದನ್ನು ಕೊಟ್ಟುಹೋದ. ರಟ್ಟು ಇರಲಿಲ್ಲ, ಮೊದಲ ಪುಟಗಳನ್ನು ಹುಳ ತಿಂದಿತ್ತು, ಹಾಗಾಗಿ ಮೊದಲ ಕಥೆ ಯಾವಾಗಲೂ ನಡುವಿನಿಂದಲೇ ಶುರುವಾಗುತ್ತಿತ್ತು. ಭಾನುವಾರ ಸಂಜೆ ಅಪ್ಪ ಅದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದರು. ಕುರಿ ಅಲ್ಲಿ ಮೇಕೆಯಾಗುತ್ತಿತ್ತು, ಉಣ್ಣೆ ಕತ್ತರಿಸುವವರ ಅಡುಗೆಭಟ್ಟ ನಮ್ಮ ಬೇತಮಂಗಲದ ಹೋಟೆಲಿನವನಾಗುತ್ತಿದ್ದ, ಅವನು ಮಾಡಿದ ರೊಟ್ಟಿಯಿಂದ ಬಾಗಿಲಿಗೆ ಆಸರೆ ಕೊಡುತ್ತಿದ್ದರು. ದೊಡ್ಡವಳಾದ ಮೇಲೆ ನನಗೆ ಆ ಕಥೆಗಳ ಗುಟ್ಟು ತಿಳಿಯಿತು. ಅವು ಯಾವುವೂ ಸುಖವಾಗಿರುವವರ ಕಥೆಗಳಲ್ಲ. ಮಳೆ ಇಲ್ಲ, ಸುತ್ತ ಮೈಲುಗಟ್ಟಲೆ ಮನುಷ್ಯರಿಲ್ಲ, ತಿನ್ನಲು ಅದೇ ಒಣ ರೊಟ್ಟಿ. ಇದನ್ನೇ ಅತ್ತು ಹೇಳಿದರೆ ಯಾರು ಕೇಳುತ್ತಾರೆ? ಆದ್ದರಿಂದ ಕಷ್ಟವನ್ನು ಇನ್ನೂ ಹತ್ತು ಪಟ್ಟು ಹಿಗ್ಗಿಸಿ, ಏನೂ ಆಗದವರಂತೆ ಹೇಳುವುದು. ಅಪ್ಪನದೂ ಅದೇ. ಲೋಟಗಳು ಕಿಣಿಗುಟ್ಟಿದ ದಿನವೇ ಅವರ ಕಥೆ ಎಲ್ಲಕ್ಕಿಂತ ದೊಡ್ಡದಿರುತ್ತಿತ್ತು. ಒಂದು ಸಲ ಎರಡು ಮನೆ ಆಚೆಯವನೊಬ್ಬ ಗಣಿಯೊಳಗೆ ಸತ್ತಿದ್ದ. ಆ ಸಂಜೆ ಅಪ್ಪ ತಟ್ಟೆ ಮುಂದೆ ಕೂತು, ಶಾಫ್ಟಿಗೆ ಬಿದ್ದ ಮೇಕೆಯೊಂದರ ಕಥೆ ಹೇಳಿದರು. ಮೇಕೆ ಬಿದ್ದಿತು, ಅಡ್ಡದಾರಿ ಹಿಡಿದು ಮೇಲೆ ಬಂದು ಹುಲ್ಲು ತಿನ್ನುತ್ತ ನಿಂತಿತು, ಆದರೆ ಅದರ ಕೂಗು ಇನ್ನೂ ತಳ ಮುಟ್ಟಿಲ್ಲ, ಬೀಳುತ್ತಲೇ ಇದೆ. ಅಮ್ಮ ಅಂದು ಪ್ರಶ್ನೆ ಕೇಳಲಿಲ್ಲ. ಎದ್ದು ಅಪ್ಪನ ತಟ್ಟೆಗೆ ಮೊಸರು ಹಾಕಿದಳು.

ಆ ಮೇಕೆಯ ಕಥೆಯನ್ನು ನಾನು ಶಾಲೆಯಲ್ಲಿ 'ಕಣ್ಣಾರೆ ಕಂಡ ಒಂದು ಘಟನೆ' ಎಂಬ ಪ್ರಬಂಧದಲ್ಲಿ ಬರೆದುಬಿಟ್ಟೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಸುಳ್ಳಿನ ವಿಷಯದಲ್ಲಿ ಬೆಂಕಿ. ಅಪ್ಪನನ್ನು ಕರೆಸಿದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಕೈಕಟ್ಟಿ ನಿಂತರು. ನಾನು ಅವರ ಹಿಂದೆ ನಿಂತೆ.

"ಮಿಸ್ಟರ್, ಈ ಮೇಕೆ ನಿಜವೋ?" ಎಂದು ಸಿಸ್ಟರ್ ಕೇಳಿದರು.

"ಹೌದು ಸಿಸ್ಟರ್. ಕೂಗು ಇನ್ನೂ ಬೀಳ್ತಾ ಇದೆ."

ಸಿಸ್ಟರ್ ಅಪ್ಪನ ಮುಖವನ್ನೇ ನೋಡಿದರು. ಕಿವಿಯ ಹಿಂದಿನ ಧೂಳನ್ನೂ ನೋಡಿರಬೇಕು. ಎರಡು ಮನೆ ಆಚೆ ಸತ್ತವನ ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಸಿಸ್ಟರ್ ಜಪಸರದ ಮಣಿ ಒಂದನ್ನು ಸರಿಸಿ, ಅಷ್ಟೇ ಗಂಭೀರವಾಗಿ ಕೇಳಿದರು:

"ಹಾಲು ಕೊಡುತ್ತದೆಯೋ?"

"ಕೊಡುತ್ತೆ ಸಿಸ್ಟರ್. ಆದರೆ ಕೂಗಿಲ್ಲದ್ದರಿಂದ ಹುಡುಕೋದು ಕಷ್ಟ."

ನನ್ನನ್ನು ಕ್ಲಾಸಿಗೆ ಕಳಿಸಿದರು. ಸತ್ಯಕ್ಕೆ ಅಷ್ಟು ಕಟ್ಟುನಿಟ್ಟಾಗಿದ್ದ ಸನ್ಯಾಸಿನಿಗೆ ಒಂದೇ ನೋಟದಲ್ಲಿ ಅರ್ಥವಾದದ್ದು, ಎರಡು ಸಲ ಬಿಸಿಬೇಳೆಬಾತು ತಿಂದ ಪಂಡಿತರಿಗೆ ಅರ್ಥವಾಗಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ನಮ್ಮದು ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ ಹಿಂಬದಿಗೆ ಒಣ ಕಣಿವೆ ಇರುವ ಮನೆ. ಬಂದ ಮರುದಿನವೇ ಕಣಿವೆಯ ಅಂಚಿನ ನೀಲಗಿರಿ ಮರದ ಎಲೆ ಹಿಸುಕಿ ಮೂಸಿ, "ಟೆಡ್ ದೊರೆ ಮರ ಇಲ್ಲಿಗೂ ಬಂದಿದೆಯಲ್ಲೇ," ಎಂದರು. ನನ್ನ ಮಗಳು ದಿಯಾಗೆ ಆಗ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು. ಮಧ್ಯಾಹ್ನ ಅವಳನ್ನು ಶಾಲೆಯಿಂದ ನಡೆಸಿಕೊಂಡು ಬರುವ ಕೆಲಸ ಅಪ್ಪನದಾಯಿತು. ಮರಗಳ ಕೆಳಗಿನ ಆ ದಾರಿಯಲ್ಲಿ ಏನೇನು ನಡೆಯುತ್ತಿತ್ತೋ, ವಾರ ಎರಡು ಕಳೆಯುವಷ್ಟರಲ್ಲಿ ದಿಯಾ ಊಟದ ಮೇಜಿನ ಮುಂದೆ ಅಲುಗದ ಮುಖ ಹೊತ್ತು, "ಆ ಕೋಳಿ ವಾಟ್ ಕಲರ್, ತಾತ?" ಎಂದು ಕೇಳುವುದನ್ನು ಕಲಿತಿದ್ದಳು. ತಟ್ಟೆ ಮತ್ತೆ ನನ್ನ ಪಾಲಿಗೆ ಬರತೊಡಗಿತು. ಡಿಶ್‌ವಾಷರ್ ಇದ್ದರೂ ಕೈಯಲ್ಲೇ ತೊಳೆಯಬೇಕೆಂದು ಅಜ್ಜ ಮೊಮ್ಮಗಳು ತೀರ್ಪು ಕೊಟ್ಟಿದ್ದರು. ಮೋಹನ್‌ಗೆ ಇವೆಲ್ಲ ಗೊತ್ತಿರಲಿಲ್ಲ. ಕಾರ್ಲ್ಸ್‌ಬಾಡಿನ ಆಫೀಸಿನಿಂದ ಅವರು ಮನೆಗೆ ಬರುವಷ್ಟರಲ್ಲಿ ನಮ್ಮ ಊಟ ಮುಗಿದಿರುತ್ತಿತ್ತು.

ಆ ಶನಿವಾರ ಪ್ರಸನ್ನ ಮತ್ತು ಅವರ ಹೆಂಡತಿ ಸುಮಾ ಊಟಕ್ಕೆ ಬಂದಿದ್ದರು. ಗಣಿ ಎಷ್ಟು ಆಳ ಇತ್ತು ಅಂಕಲ್ ಎಂದು ಕೇಳಿದವರು ಪ್ರಸನ್ನರೇ. ಅಪ್ಪ ಕೋಳಿಮೊಟ್ಟೆಯ ಕಥೆ ಹೇಳಿದರು. ಎಲ್ಲರ ಕೈಗೂ ಹೊಸದಾಗಿ ಸ್ಮಾರ್ಟ್‌ಫೋನ್ ಬಂದ ಕಾಲ. ಪ್ರಸನ್ನ ಎಡಗೈಯಲ್ಲಿ ಫೋನ್ ತೆಗೆದು ಹುಡುಕಿದರು.

"ಅಂಕಲ್, ಮೊಟ್ಟೆ ಮರಿ ಆಗೋಕೆ ಇಪ್ಪತ್ತೊಂದು ದಿನ ಬೇಕು."

"ನಿಮ್ಮ ಫೋನಿನಲ್ಲಿರೋ ಕೋಳಿ ನಿಧಾನ ಇರಬಹುದು."

ಪ್ರಸನ್ನ ನಗಲಿಲ್ಲ. ಮೋಹನ್‌ರ ಕಡೆ ಒಂದು ನೋಟ ನೋಡಿ, ದನಿಗೆ ಸಕ್ಕರೆ ಸವರಿ, ಮಗುವನ್ನು ಮಾತಾಡಿಸುವಂತೆ ಕೇಳಿದರು:

"ಅಂಕಲ್, ಇವತ್ತು ಯಾವ ವಾರ ಹೇಳಿ ನೋಡೋಣ?"

"ನೀವು ಊಟಕ್ಕೆ ಬಂದಿದ್ದೀರಲ್ಲ, ಶನಿವಾರವೇ ಇರಬೇಕು."

ಅಪ್ಪ ನೀರು ಕುಡಿಯಲು ಎದ್ದು ಹೋದರು. ಆಗಲೇ ಪ್ರಸನ್ನ ಆ ಮಾತು ಹೇಳಿದ್ದು. ಆಗದೇ ಇರುವುದನ್ನು ಆಯಿತೆಂದು ನಂಬಿ ಹೇಳುವುದು ಈ ಕಾಯಿಲೆಯ ಮೊದಲ ಲಕ್ಷಣವಂತೆ. ಮಗುವನ್ನು ಅವರ ಜೊತೆ ರಸ್ತೆಗೆ ಕಳಿಸಬಾರದಂತೆ. ಎಲ್ಲರೂ ಹೋದ ಮೇಲೆ ನಾನು ಮೋಹನ್‌ಗೆ ವಿವರಿಸಿದೆ. ನಮ್ಮ ಮನೆಯ ನಿಯಮವನ್ನೇ ಮುರಿದು, ಅದು ಕಥೆ ಕಣ್ರೀ, ಅಪ್ಪ ಬೇಕೆಂದೇ ಹೇಳೋದು ಎಂದೆ.

"ಕಥೆ ಅಂದ್ರೆ ಕಥೆ ಅಂತ ಹೇಳ್ಬೇಕಲ್ವಾ ವಿಮಲಾ? ಅವರು ನಿಜ ಅನ್ನೋ ಥರಾನೇ ಹೇಳ್ತಾರೆ. ಪ್ರಸನ್ನ ಹೇಳಿದ್ರು, ಮನೆಯವರು ಮೊದಮೊದಲು ಒಪ್ಪೋದೇ ಇಲ್ವಂತೆ."

ನೋಡಿ ಇದರ ಅನ್ಯಾಯ. ಕಾಯಿಲೆ ಇದೆ ಎಂದರೆ ಕಾಯಿಲೆ. ಇಲ್ಲ ಎಂದರೆ ಅದೂ ಕಾಯಿಲೆಗೇ ಸಾಕ್ಷಿ. ಮೋಹನ್ ಕೆಟ್ಟವರಲ್ಲ. ಅವರ ಅಜ್ಜಿ ಇದೇ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ ಮನೆಯಿಂದ ಹೊರಟು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಆ ಹೆದರಿಕೆ ಅವರದು. ಆದರೂ ಭಾನುವಾರ ಬೆಳಿಗ್ಗೆ ಅವರು ಅಪ್ಪನ ಮುಂದೆ ಕೂತು, ನಾಳೆಯಿಂದ ದಿಯಾನ ವಿಮಲಾ ಕರ್ಕೊಂಡು ಬರ್ತಾಳೆ ಮಾವ, ನಿಮಗೆ ಸುಮ್ಮನೆ ಶ್ರಮ ಎಂದಾಗ, ಟೇಬಲ್ ಒರೆಸುತ್ತಿದ್ದ ನನ್ನ ಕೈ ಒಂದೇ ಜಾಗವನ್ನು ಉಜ್ಜುತ್ತಲೇ ಇತ್ತು. ಅಪ್ಪ ಆಯ್ತು ಅಳಿಯಂದಿರೇ ಎಂದರು. ಯಾಕೆ ಎಂದು ಕೇಳಲಿಲ್ಲ. ಅಡುಗೆಮನೆಯ ಗೋಡೆ ಎಷ್ಟು ತೆಳ್ಳಗಿದೆ ಎಂದು ಅವರಿಗೂ ಗೊತ್ತಿತ್ತು. ತಪಾಸಣೆಗೆ ಅಪಾಯಿಂಟ್‌ಮೆಂಟ್ ಕೂಡ ಆಯಿತು. ಆ ಸಂಜೆ ಊಟಕ್ಕೆ ಕೂತಾಗ ದಿಯಾ ಕೇಳಿದಳು:

"ತಾತ, ಟುಡೇ ಏನಾಯ್ತು?"

ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ತಟ್ಟೆಯನ್ನು ನೋಡಿದರು.

"ಬೆಳಿಗ್ಗೆ ಎದ್ದೆ. ಉಪ್ಪಿಟ್ಟು ತಿಂದೆ. ಬಿಸಿಲಿತ್ತು."

ದಿಯಾ ಕಾದಳು. ಇನ್ನೇನೋ ಬರುತ್ತದೆಂದು ಮುಖ ಬಿಗಿ ಮಾಡಿಕೊಂಡೇ ಕೂತಿದ್ದಳು. ಏನೂ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸತ್ಯ ಶುರುವಾಯಿತು. ಇವತ್ತು ಮಜ್ಜಿಗೆಹುಳಿ ಚೆನ್ನಾಗಿತ್ತು. ಇವತ್ತು ಕಸದ ಲಾರಿ ಬಂದಿತ್ತು. ಗಣಿಯ ಒಳಗೆ ಬಂಡೆ ಸಿಡಿದ ದಿನವೂ ಬಾಯಿ ಮುಚ್ಚದ ಮನುಷ್ಯ, ಮಗಳ ಮನೆಯಲ್ಲಿ ಹೆದರಿ, ಒಂದೊಂದು ವಾಕ್ಯವನ್ನೂ ತೂಕ ಹಾಕಿ ನಿಜವನ್ನೇ ಹೇಳುತ್ತಿದ್ದರು. ತಪ್ಪು ಹೇಳಿದರೆ ಮೊಮ್ಮಗಳನ್ನು ಇನ್ನೂ ದೂರ ಮಾಡುತ್ತಾರೆಂಬ ಹೆದರಿಕೆ. ನಾನು ದಿಯಾಳನ್ನು ಕಾರಿನಲ್ಲಿ ಕರೆತರುವಾಗ ಅವರು ಕಿಟಕಿಯ ಹತ್ತಿರ ಶೂ ಹಾಕಿಕೊಂಡೇ ಕೂತಿರುತ್ತಿದ್ದರು. ಆ ಶೂಗಳ ಲೇಸನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿಕೊಂಡವರಿಗೆ ಮರೆವಂತೆ!

ಮುಂದಿನ ಶನಿವಾರ ಪ್ರಸನ್ನ ಮತ್ತು ಸುಮಾ ಮತ್ತೆ ಬಂದರು. ನಾನು ಮತ್ತೆ ಬಿಸಿಬೇಳೆಬಾತು ಮಾಡಿದ್ದೆ. ಗೋಡಂಬಿ ಹಾಕಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಪ್ರಸನ್ನ ಪ್ರಯಾಣದ ಬಗ್ಗೆ ಏನೋ ಕೇಳಿ, ಉತ್ತರ ಬರುವ ಮುಂಚೆಯೇ ತಲೆ ಆಡಿಸುತ್ತ, ಅಪ್ಪನ ಪ್ರತಿ ಮಾತನ್ನೂ ಲ್ಯಾಬಿನ ಇಲಿಯನ್ನು ನೋಡುವಂತೆ ನೋಡುತ್ತಿದ್ದರು. ನನ್ನ ಬಾಯಿ ತಾನಾಗಿ ತೆರೆಯಿತು.

"ಅಪ್ಪನ್ನ ಕರ್ಕೊಂಡು ಬರೋಕೆ ಎಲ್‌ಎ ಏರ್‌ಪೋರ್ಟಿಗೆ ಹೋಗಿದ್ವಲ್ಲ, ವಾಪಸ್ ಬರುವಾಗ ಫೋರ್ ಓ ಫೈವ್‌ನಲ್ಲಿ ಸಿಕ್ಕಿಹಾಕಿಕೊಂಡ್ವಿ."

"ಅಯ್ಯೋ, ಮೂರು ಗಂಟೆ ಮೇಲೆ ಆ ಫ್ರೀವೇಗೆ ಹೋಗಲೇಬಾರದು," ಎಂದರು ಪ್ರಸನ್ನ.

"ಕಾರು ಅಲ್ಲಾಡಲೇ ಇಲ್ಲ. ದಿಯಾ ಕುಡಿದು ಬಿಟ್ಟ ಹಾಲು ಇತ್ತು. ಕೆಡುತ್ತಲ್ಲ ಅಂತ ಮೊಸರನ್ನದ ಡಬ್ಬಿಯಿಂದ ಒಂದು ಚಮಚ ತೆಗೆದು ಹೆಪ್ಪು ಹಾಕಿದೆ."

"ಒಳ್ಳೇದು ಮಾಡಿದ್ರಿ," ಎಂದರು ಸುಮಾ.

"ಮೊಸರಾಯ್ತು. ತಲೆ ಎತ್ತಿ ನೋಡಿದ್ರೆ ಇನ್ನೂ ಅದೇ ಎಕ್ಸಿಟ್ ಬೋರ್ಡು. ಸರಿ, ಕಡೆದು ಬೆಣ್ಣೆ ತೆಗೆದೆ. ಇಂಜಿನ್ ಮೇಲೆ ಇಟ್ಟು ತುಪ್ಪ ಕಾಯಿಸಿದೆ. ಪಕ್ಕದ ಕಾರಿನ ಮೆಕ್ಸಿಕನ್ ಅಜ್ಜಿ ಕಿಟಕಿಯಿಂದ ಟೋರ್ಟಿಯಾ ಕೊಟ್ರು. ಅವರ ಮೊಮ್ಮಗನಿಗೆ ಆಗಿನ್ನೂ ಮೀಸೆ ಬಂದಿರಲಿಲ್ಲ. ನಾವು ಹೊರಡೋ ಹೊತ್ತಿಗೆ ನಮ್ಮ ಸೈಡ್ ಮಿರರ್ ನೋಡ್ಕೊಂಡು ಶೇವ್ ಮಾಡ್ಕೋತಾ ಇದ್ದ."

ಪ್ರಸನ್ನ ಚಮಚ ಕೆಳಗಿಟ್ಟರು. ಅದೇ ಸಕ್ಕರೆಯ ದನಿ:

"ವಿಮಲಾ, ನೀವು ಸರಿಯಾಗಿ ನಿದ್ದೆ ಮಾಡ್ತಾ ಇದೀರಾ?"

ನನ್ನ ಮೂಗಿನ ಹೊಳ್ಳೆ ಅದುರುವುದನ್ನು ಕಾದೆ. ಅದುರಲಿಲ್ಲ. ನಡುಮನೆಯ ಆ ಎಲ್ಲ ಸಂಜೆಗಳಲ್ಲಿ ಒಮ್ಮೆಯೂ ನಿಲ್ಲದ ಮುಖ ಅಂದು ಬಂಡೆಯಂತೆ ನಿಂತಿತ್ತು. ಸಿಟ್ಟು ನಿಜವಾಗಿದ್ದರೆ ಮುಖ ತಾನಾಗಿ ನಿಲ್ಲುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಗಣಿಯಲ್ಲಿ ಅಪಘಾತವಾಗಿ ಕಂಪನಿಯ ಸೈರನ್ ಕೂಗಿದ ದಿನಗಳಲ್ಲಿ ಅಪ್ಪನ ಮುಖ ಹೇಗೆ ನಿಲ್ಲುತ್ತಿತ್ತೆಂಬುದೂ ಗೊತ್ತಾಯಿತು. ಆಗ ಮೇಜಿನ ಆ ತುದಿಯಿಂದ, ಒಂದು ವಾರದಿಂದ ಕೇಳದಿದ್ದ ದನಿ ಬಂತು. ಅಪ್ಪ ತಲೆ ಎತ್ತಿದ್ದರು.

"ಕಡಗೋಲು ಎಲ್ಲಿತ್ತು ಪುಟ್ಟಿ?"

"ಕಾರಿನಲ್ಲಿ ಕಡಗೋಲು ಎಲ್ಲಿಂದ ಬರಬೇಕಪ್ಪ? ಚೊಂಬನ್ನ ವೈಪರ್‌ಗೆ ಕಟ್ಟಿ ಸ್ವಿಚ್ ಹಾಕಿದೆ."

"ಹೌದು ಹೌದು," ಎಂದರು ಅಪ್ಪ. "ನಾನು ಹಿಂದಿನ ಸೀಟಿನಲ್ಲಿದ್ದೆ, ಸರಿಯಾಗಿ ಕಾಣಿಸಲಿಲ್ಲ."

ದಿಯಾ ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ನಾನು ಬಿಡಲಿಲ್ಲ.

"ಕೊನೆಗೆ ನಮ್ಮ ಲೇನಿಗೇ ಒಂದು ಜಿಪ್ ಕೋಡ್ ಕೊಟ್ರು. ದಿಯಾನ ಸ್ಕೂಲಿಗೆ ಹಾಕ್ಬೇಕಲ್ಲ, ಇವರು ರೇಟಿಂಗ್ ನೋಡಿದ್ರು. ಎಡಗಡೆ ಲೇನಿನ ಸ್ಕೂಲು ಹತ್ತಕ್ಕೆ ಒಂಬತ್ತು. ಅದಕ್ಕೇ ಅಷ್ಟು ಕಷ್ಟಪಟ್ಟು ಲೇನ್ ಬದಲಿಸಿದ್ದು."

ಮೋಹನ್‌ರ ಬಾಯಿಂದ ನೀರು ಚಿಮ್ಮಿತು. ಇಲ್ಲಿ ಮನೆಯ ವಿಳಾಸ ನೋಡಿಯೇ ಮಗುವಿಗೆ ಸರ್ಕಾರಿ ಶಾಲೆ ಕೊಡುವುದು, ಈ ಮನೆಯನ್ನೇ ಅವರು ಕೊಂಡದ್ದು ಶಾಲೆಯ ರೇಟಿಂಗ್ ನೋಡಿ. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ನಗುತ್ತಲೇ ಅಪ್ಪನ ಕಡೆ ನೋಡಿದರು. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಮೋಹನ್‌ರ ನಗು ನಿಧಾನವಾಗಿ ನಿಂತಿತು. ಏನೋ ಒಂದು ಅವರಿಗೆ ಆಗ ಹೊಳೆದದ್ದನ್ನು ನಾನು ಕಂಡೆ.

"ಅಪ್ಪ ಲಾಫ್ಡ್ ಫಸ್ಟ್!" ದಿಯಾ ಕುರ್ಚಿಯ ಮೇಲೆ ನಿಂತಳು. "ಅಪ್ಪ ಹ್ಯಾಸ್ ಟು ಡು ದ ಪ್ಲೇಟ್ಸ್! ರೂಲ್ ಇದೆ! ತಾತನ ರೂಲ್!"

ಮೋಹನ್ ಬಾಯಿ ಒರೆಸಿಕೊಂಡರು. ಆಮೇಲೆ ಎದ್ದರು. ಮೊದಲು ತೆಗೆದದ್ದು ಅಪ್ಪನ ತಟ್ಟೆ.

"ಕೊಡಿ ಮಾವ," ಎಂದರು. "ನಾಳಿದ್ದು ಸೋಮವಾರ ದಿಯಾನ ಸ್ಕೂಲಿಂದ ನೀವೇ ಕರ್ಕೊಂಡು ಬನ್ನಿ."

ಪ್ರಸನ್ನ ಕ್ಷಮೆ ಕೇಳಿದರು ಎಂದು ಬರೆಯಲು ನನಗೂ ಆಸೆ. ಕೇಳಲಿಲ್ಲ. ಹೊರಡುವಾಗ ಸಿಂಕಿನ ಹತ್ತಿರ ಬಂದು, ಸೋಪಿನ ನೊರೆಯಲ್ಲಿ ಮುಳುಗಿದ್ದ ಮೋಹನ್‌ರ ಪಕ್ಕ ನಿಂತು, ನಾನು ಅಲ್ಲೇ ಇದ್ದರೂ ಇಲ್ಲವೆಂಬಂತೆ ಹೇಳಿದರು:

"ಮೋಹನ್, ಸೀರಿಯಸ್ ಆಗಿ ಹೇಳ್ತಾ ಇದೀನಿ. ಇಬ್ಬರನ್ನೂ ಒಟ್ಟಿಗೆ ತೋರಿಸ್ಬಿಡಿ."

ಮೋಹನ್ ತೊಳೆದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿದಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಆಫೀಸಿನ ಮೀಟಿಂಗಿನ ಮುಖ.

"ಅಪಾಯಿಂಟ್‌ಮೆಂಟ್ ಇದೆ ಪ್ರಸನ್ನ. ಆದರೆ ಫೋರ್ ಓ ಫೈವ್‌ನಲ್ಲೇ ಹೋಗ್ಬೇಕು. ತಲುಪೋ ಹೊತ್ತಿಗೆ ದಿಯಾ ಮದುವೆ ಇಟ್ಟುಕೊಂಡಿದೀವಿ. ನೀವೂ ಬರಬೇಕು."

ಪ್ರಸನ್ನ ಜೇಬಿನಲ್ಲಿ ಕಾರಿನ ಕೀ ಹುಡುಕತೊಡಗಿದರು. ಊಟದ ಮೇಜಿನಿಂದ ಅಪ್ಪನ ದನಿ ಬಂತು, ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆಯೇ ಎಂದು ವಿಚಾರಿಸುವ ಅದೇ ದನಿ:

"ಛತ್ರ ಯಾವ ಎಕ್ಸಿಟ್ ಹತ್ತಿರ, ಅಳಿಯಂದಿರೇ?"

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಮೂಗಿನ ಹೊಳ್ಳೆ ಅದುರಿತು. ತಡೆಯಲಾಗಲಿಲ್ಲ. ದಿಯಾ ಓಡಿಬಂದು ನನ್ನತ್ತ ಬೆರಳು ತೋರಿಸಿದಳು. ಮೋಹನ್ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದು, ತಳ ಹಿಡಿದಿದ್ದ ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು.